ಬಾಯಿ ಜೋರಿನ ಎದುರಾಳಿ ಕೋಚ್: ಮೌರಿನ್ಯೋನನ್ನು ಅಳೆಯುವುದು ಹೇಗೆ?

ನಾನು ಲಂಡನ್‌ನ ಫುಟ್‌ಬಾಲ್ ಕ್ಲಬ್ ಆರ್ಸೆನಲ್‌ನ ಫ್ಯಾನ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಜೋಸೆ ಮೌರಿನ್ಯೋ ಬಗ್ಗೆ ಮಾತಾಡುವವರು ಯಾವ ಕಡೆಯವರು ಅಂತ ಗೊತ್ತಿಲ್ಲದಿದ್ದರೆ ಆ ಮಾತಿಗೆ ಎಷ್ಟು ಬೆಲೆ ಕೊಡಬೇಕು ಅನ್ನುವುದೂ ತಿಳಿಯುವುದಿಲ್ಲ. ನನ್ನ ಚಿಕ್ಕಪ್ಪನ ಮಗ, ನನ್ನ ತಮ್ಮ, ಅದೇ ಊರಿನ ಇನ್ನೊಂದು ಕ್ಲಬ್ ಚೆಲ್ಸಿಯ ಫ್ಯಾನ್. ಬೆಂಗಳೂರಿನಲ್ಲಿ ಒಂದೇ ಮನೆಯಲ್ಲಿ, ಒಂದೇ ಟಿವಿ ಮುಂದೆ ಕೂತು ಬೆಳೆದವರು ನಾವು. ಇಪ್ಪತ್ತು ವರ್ಷದಿಂದ ನಮ್ಮ ನಡುವೆ ಮುಗಿಯದ ಜಗಳ ಒಂದೇ. ಈ ಮನುಷ್ಯ ನಿಜವಾಗಿಯೂ ದೊಡ್ಡ ಕೋಚಾ, ಅಥವಾ ಬಾಯಿ ಜೋರಿದ್ದು, ದುಡ್ಡಿರುವ ಕ್ಲಬ್‌ಗಳು ಸಿಕ್ಕಿದ ಅದೃಷ್ಟವಂತನಾ?

ಒಂದು ಸಲ ತಮ್ಮ ಕೇಳಿದ: "ಅಕ್ಕ, ನೀನು ವೆಂಗರ್‌ಗೆ ಯಾವಾಗ್ಲೂ 'ಅವರು' ಅಂತೀಯ. ಮೌರಿನ್ಯೋಗೆ ಮಾತ್ರ 'ಅವನು'. ಯಾಕೆ?" ಅವನು ಹೇಳುವವರೆಗೂ ನಾನು ಗಮನಿಸಿರಲಿಲ್ಲ. ಆದರೆ ನಿಜ. ನಮ್ಮ ಆರ್ಸೆನಲ್ ಕೋಚ್ ಆಗಿದ್ದ ಆರ್ಸೆನ್ ವೆಂಗರ್ ನನಗೆ ಮನೆಯ ಹಿರಿಯರ ಹಾಗೆ. ಇನ್ನೊಬ್ಬ ಅವರನ್ನು ಊರೆದುರು ಬೈದವನು. ಈ ಲೇಖನದಲ್ಲೂ ಹಾಗೆಯೇ ಬರೆಯುತ್ತೇನೆ, ಅದು ನನ್ನ ಬಾಯಿಗೆ ಬರುವ ರೀತಿ. ಆದರೆ ಅವನ ಕೆಲಸ ಏನು, ಅದು ಹೇಗೆ ನಡೆಯಿತು, ಎಲ್ಲಿ ಕೆಟ್ಟಿತು ಅನ್ನುವುದನ್ನು ಮುಚ್ಚಿಡದೆ ಬಿಡಿಸಿ ಹೇಳುವುದು ನನ್ನ ಆಸೆ.

ಇಂಥ ಜಗಳ ಮುಗಿಯದಿರಲು ಒಂದು ಕಾರಣ ಇದೆ. ಎಲ್ಲರೂ ಒಂದೇ ವಿಷಯ ಮಾತಾಡುತ್ತಿದ್ದೇವೆ ಅಂದುಕೊಂಡಿರುತ್ತೇವೆ, ಆದರೆ ಒಬ್ಬರು ಕಪ್ ಎಣಿಸುತ್ತಿರುತ್ತಾರೆ, ಇನ್ನೊಬ್ಬರು ಆಟ ಚೆಂದ ಇತ್ತಾ ಅಂತ ಕೇಳುತ್ತಿರುತ್ತಾರೆ, ಮತ್ತೊಬ್ಬರು ಹತ್ತು ವರ್ಷದ ಹಿಂದೆ ಅವನಾಡಿದ ಒಂದು ಮಾತನ್ನು ಇನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತಾರೆ. ನಾನು ಬಹಳ ವರ್ಷ ಮೂರನೆಯವಳಾಗಿದ್ದೆ. "ಕೋಚಿಂಗ್ ಚೆನ್ನಾಗಿದೆ, ಬಾಯಿ ಸರಿ ಇಲ್ಲ" ಅಂತ ಎರಡನ್ನೂ ಬೇರೆ ಮಾಡಿ ಹೇಳುತ್ತಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಅವನ ಬಾಯಿಯೂ ಕೋಚಿಂಗೇ. ಅವನು ಗೆದ್ದಿದ್ದೂ ಅದರಿಂದ, ಕೆಟ್ಟಿದ್ದೂ ಅದರಿಂದ.

ಮೊದಲು ಅವನು ಎಲ್ಲಿಂದ ಬಂದ ಅಂತ ನೋಡೋಣ. 1963ರಲ್ಲಿ ಪೋರ್ಚುಗಲ್‌ನ ಸೆಟೂಬಲ್‌ನಲ್ಲಿ ಹುಟ್ಟಿದ. ಅಪ್ಪ ಗೋಲ್‌ಕೀಪರ್, ದೇಶಕ್ಕೆ ಒಂದೇ ಒಂದು ಮ್ಯಾಚ್ ಆಡಿದವರು. ಮಗ ಆಟಗಾರನಾಗಿ ಎಲ್ಲೂ ತಲುಪಲಿಲ್ಲ. ಇಂಗ್ಲಿಷ್ ಕೋಚ್ ಬಾಬಿ ರಾಬ್ಸನ್ ಪೋರ್ಚುಗಲ್‌ಗೆ ಬಂದಾಗ ಅವರ ಮಾತನ್ನು ಆಟಗಾರರಿಗೆ ಅನುವಾದಿಸುವ ಕೆಲಸಕ್ಕೆ ಸೇರಿದ. ರಾಬ್ಸನ್ ಜೊತೆಗೇ 1996ರಲ್ಲಿ ಬಾರ್ಸಿಲೋನಾಕ್ಕೆ ಹೋದ. ಆಮೇಲೆ ಲೂಯಿ ವಾನ್ ಗಾಲ್ ಕೈಕೆಳಗೆ 2000ದವರೆಗೆ ಅಲ್ಲೇ ಇದ್ದ. ಬಾರ್ಸಾ ಕಡೆಯವರು ಮುಂದೆ ಅವನನ್ನು ಚುಚ್ಚಲು ಬಳಸಿದ ಹೆಸರು 'ಅನುವಾದಕ'. ಆದರೆ ಯೋಚಿಸಿ ನೋಡಿ, ಬೇರೆ ದೇಶದಿಂದ ಬಂದ ಕೋಚ್‌ನ ಮಾತನ್ನು ಡ್ರೆಸ್ಸಿಂಗ್ ರೂಮಿನಲ್ಲಿ ಇಪ್ಪತ್ತು ಜನರಿಗೆ ಮುಟ್ಟಿಸುವವನು ಬರೀ ಪದ ಬದಲಿಸುವುದಿಲ್ಲ. ಯಾವ ಮಾತಿಗೆ ಯಾರು ಎದ್ದು ನಿಲ್ಲುತ್ತಾರೆ, ಯಾವ ಮಾತಿಗೆ ಯಾರ ಮುಖ ಸಣ್ಣದಾಗುತ್ತದೆ ಅಂತ ದಿನಾ ಕಣ್ಣಾರೆ ನೋಡುತ್ತಾನೆ. ಅವನ ಬಾಯಿಗೆ ಪಾಠ ಆಗಿದ್ದು ಅಲ್ಲಿಯೇ ಅಂತ ನನ್ನ ನಂಬಿಕೆ.

ಈಗ ದುಡ್ಡಿನ ವಾದ. ಚೆಲ್ಸಿಯ ಆಗಿನ ಮಾಲೀಕನ ಹೆಸರು ಹಿಡಿದು "ರೋಮನ್ ಅಬ್ರಮೋವಿಚ್ ದುಡ್ಡು ಸುರಿದ, ಇವನು ಗೆದ್ದ" ಅಂತ ನಾವು ಆರ್ಸೆನಲ್‌ನವರು ಎಷ್ಟು ಸಲ ಹೇಳಿದ್ದೇವೋ ಲೆಕ್ಕ ಇಲ್ಲ. ಅದರಲ್ಲಿ ಸತ್ಯ ಇದೆ. ಆದರೆ ಅದಕ್ಕೂ ಮೊದಲು ಪೋರ್ಚುಗಲ್‌ನ ಕ್ಲಬ್ ಪೋರ್ಟೊ ಇದೆ, ಅಲ್ವಾ? 2002ರ ಜನವರಿಯಲ್ಲಿ ಅಲ್ಲಿಗೆ ಸೇರಿದ. ಅದರ ಹಿಂದೆ ಉನಿಯಾವ್ ದ ಲೇರಿಯಾ ಅನ್ನುವ ಸಣ್ಣ ಕ್ಲಬ್‌ನಲ್ಲಿದ್ದ, ಅಲ್ಲಿಂದ ಡೆರ್ಲೇ ಮತ್ತು ನೂನೋ ವಾಲೆಂಟೆ ಎಂಬ ಆಟಗಾರರನ್ನು ಕರೆಸಿಕೊಂಡ. ಆ ಡೆರ್ಲೇಯೇ 2003ರಲ್ಲಿ ಯುರೋಪಿನ ಕ್ಲಬ್‌ಗಳ ಎರಡನೇ ದೊಡ್ಡ ಕಪ್ ಆದ ಯುಇಎಫ್‌ಎ ಕಪ್ ಫೈನಲ್‌ನಲ್ಲಿ ಸೆಲ್ಟಿಕ್ ವಿರುದ್ಧ ಎರಡು ಗೋಲು ಹೊಡೆದ. ಪೋರ್ಟೊ 3-2ರಲ್ಲಿ ಗೆದ್ದಿತು. ಮುಂದಿನ ವರ್ಷ ಯುರೋಪಿನ ಅತಿ ದೊಡ್ಡ ಕ್ಲಬ್ ಕಪ್ ಚಾಂಪಿಯನ್ಸ್ ಲೀಗನ್ನೇ ಗೆದ್ದಿತು, ಫೈನಲ್‌ನಲ್ಲಿ ಮೊನಾಕೊ ವಿರುದ್ಧ 3-0. ಇದನ್ನು ಯಾವ ಶ್ರೀಮಂತನ ಲೆಕ್ಕಕ್ಕೂ ಬರೆಯಲಾಗದು. ಇದು ಪೂರ್ತಿ ಅವನ ಕೆಲಸ.

2004ರ ಜೂನ್‌ನಲ್ಲಿ ಚೆಲ್ಸಿಗೆ ಬಂದು ಪತ್ರಕರ್ತರ ಮುಂದೆ ಕೂತ. ನನ್ನನ್ನು ಜಂಬದವನು ಅನ್ನಬೇಡಿ, ಆದರೆ ನಾನು ಯುರೋಪ್ ಚಾಂಪಿಯನ್, ನಾನೊಬ್ಬ ವಿಶೇಷ ಮನುಷ್ಯ ಅಂದುಕೊಂಡಿದ್ದೇನೆ ಅಂತ ಹೇಳಿದ. ಅವನು ಹೇಳಿದ್ದು 'ವಿಶೇಷವಾದ ಒಬ್ಬ' ಅಂತ. ಪತ್ರಿಕೆಗಳು ಮಾರನೇ ದಿನ ಅದನ್ನು 'ಆ ವಿಶೇಷ ಮನುಷ್ಯ, ಅವನೊಬ್ಬನೇ' ಅನ್ನುವ ಅರ್ಥಕ್ಕೆ ತಿರುಗಿಸಿ 'ದಿ ಸ್ಪೆಷಲ್ ಒನ್' ಅಂತ ಪಟ್ಟ ಕಟ್ಟಿದವು. ಅವನೂ ಬೇಡ ಅನ್ನಲಿಲ್ಲ. ಆಗಷ್ಟೇ ನಮ್ಮ ಆರ್ಸೆನಲ್ ಇಡೀ ಲೀಗ್‌ನಲ್ಲಿ ಒಂದೂ ಮ್ಯಾಚ್ ಸೋಲದೆ, 26 ಗೆಲುವು 12 ಡ್ರಾ ಮಾಡಿ, 90 ಪಾಯಿಂಟ್‌ನೊಂದಿಗೆ ಕಪ್ ಎತ್ತಿತ್ತು. ಇವನ್ಯಾರು ಹೊಸಬ, ಇಷ್ಟು ಸೊಕ್ಕು ಅಂತ ಸಿಟ್ಟು ಬಂದಿತ್ತು.

ಆಮೇಲೆ ಆಗಿದ್ದು ಇದು. ಅದರ ಹಿಂದಿನ ವರ್ಷ ಕ್ಲಾಡಿಯೊ ರನಿಯೇರಿ ಕೈಯಲ್ಲಿ ಚೆಲ್ಸಿ 79 ಪಾಯಿಂಟ್ ತೆಗೆದು ಎರಡನೇ ಸ್ಥಾನದಲ್ಲಿತ್ತು, 30 ಗೋಲು ಬಿಟ್ಟುಕೊಟ್ಟಿತ್ತು. ಮೌರಿನ್ಯೋನ ಮೊದಲ ವರ್ಷ, 2004-05ರಲ್ಲಿ, 95 ಪಾಯಿಂಟ್, ಒಂದೇ ಸೋಲು, 38 ಮ್ಯಾಚ್‌ನಲ್ಲಿ ಬಿಟ್ಟುಕೊಟ್ಟಿದ್ದು ಬರೀ 15 ಗೋಲು. ಪ್ರೀಮಿಯರ್ ಲೀಗ್‌ನಲ್ಲಿ ಈ 15ಕ್ಕಿಂತ ಕಡಿಮೆ ಯಾರೂ ಬಿಟ್ಟುಕೊಟ್ಟಿಲ್ಲ. ಚೆಲ್ಸಿ 50 ವರ್ಷದ ನಂತರ ಲೀಗ್ ಗೆದ್ದಿತು. ಹೊಸ ಆಟಗಾರರು ಬಂದಿದ್ದರು, ಗೋಲ್‌ಕೀಪರ್ ಪೀಟರ್ ಚೆಕ್, ಡಿಫೆಂಡರ್ ರಿಕಾರ್ಡೊ ಕರ್ವಾಲ್ಯೊ, ಮುಂದೆ ಡ್ರೋಗ್ಬಾ. ಆದರೆ ಜಾನ್ ಟೆರಿ, ಲ್ಯಾಂಪಾರ್ಡ್, ಮಕಲೇಲೆ ಮೊದಲೇ ಇದ್ದವರು. ಬಿಟ್ಟುಕೊಡುವ ಗೋಲು ಅರ್ಧಕ್ಕೆ ಇಳಿಯಿತು ಅಂದರೆ ಅಲ್ಲಿ ಯಾರೋ ಕೂತು ಕೆಲಸ ಮಾಡಿದ್ದಾರೆ ಅಂತಲೇ.

ಏನು ಕೆಲಸ? ಇದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ "ಅವನು ಬರೀ ಡಿಫೆನ್ಸ್ ಆಡಿಸ್ತಾನೆ" ಅನ್ನುವವರು ಇಲ್ಲಿಯೇ ಎಡವುವುದು. ಆಗ ಇಂಗ್ಲೆಂಡ್‌ನಲ್ಲಿ ಹೆಚ್ಚಿನ ತಂಡಗಳು 4-4-2 ಆಡುತ್ತಿದ್ದವು. ಹಿಂದೆ ನಾಲ್ಕು ಜನ, ನಡುವೆ ಒಂದು ಸಾಲಲ್ಲಿ ನಾಲ್ಕು ಜನ, ಮುಂದೆ ಇಬ್ಬರು. ನಡುವಿನ ನಾಲ್ವರಲ್ಲಿ ಇಬ್ಬರು ಅಂಚಿನಲ್ಲಿ ಓಡುವವರು, ಹಾಗಾಗಿ ಮೈದಾನದ ಮಧ್ಯಕ್ಕೆ ಉಳಿಯುವವರು ಇಬ್ಬರೇ. ಮೌರಿನ್ಯೋ ಅಲ್ಲಿ ಮೂವರನ್ನು ತ್ರಿಕೋನದಂತೆ ಇಟ್ಟ. ತಳದಲ್ಲಿ ಮಕಲೇಲೆ, ಅವನ ಮುಂದೆ ಎಡಬಲಕ್ಕೆ ಇಬ್ಬರು. ಈಗ ಎದುರಿನ ಇಬ್ಬರು ಏನು ಮಾಡಬೇಕು? ಇವರಿಬ್ಬರನ್ನು ಹಿಡಿದರೆ ಮಕಲೇಲೆ ಖಾಲಿ, ಚೆಂಡು ಅವನಿಗೆ ಬರುತ್ತದೆ, ಅವನಿಗೆ ತಲೆಯೆತ್ತಿ ನೋಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಮಕಲೇಲೆ ಮೇಲೆ ಒಬ್ಬ ನುಗ್ಗಿದರೆ ಮುಂದಿನ ಇಬ್ಬರಲ್ಲಿ ಒಬ್ಬ ಖಾಲಿ. ಅಂಚಿನವನು ಸಹಾಯಕ್ಕೆ ಒಳಗೆ ಬಂದರೆ ಅಂಚು ಖಾಲಿ, ಅಲ್ಲಿ ರಾಬೆನ್, ಡಫ್ ಥರದವರು ಕಾಯುತ್ತಿರುತ್ತಾರೆ. ಹೇಗೆ ತಿರುಗಿಸಿದರೂ ಒಬ್ಬ ಜಾಸ್ತಿ. ಮೌರಿನ್ಯೋ ಸ್ವತಃ ಇದನ್ನು ಹೀಗೇ ಬಿಡಿಸಿ ಹೇಳಿದ್ದ.

ಇನ್ನೊಂದು ಇದೆ. ಆಟದಲ್ಲಿ ಚೆಂಡು ನಮ್ಮ ಕಾಲಲ್ಲಿರುವ ಹೊತ್ತು, ಅವರ ಕಾಲಲ್ಲಿರುವ ಹೊತ್ತು ಎರಡನ್ನೇ ನಾವು ನೋಡುತ್ತೇವೆ. ಅವನು ನೋಡುತ್ತಿದ್ದುದು ಚೆಂಡು ಕೈಬದಲಾಗುವ ಆ ಎರಡು ಮೂರು ಸೆಕೆಂಡ್. ಆಗ ದಾಳಿಗೆ ಹೋಗಿದ್ದ ತಂಡ ಚದುರಿರುತ್ತದೆ, ಡಿಫೆಂಡರ್‌ಗಳು ಮುಂದೆ ಬಂದಿರುತ್ತಾರೆ, ಬೆನ್ನ ಹಿಂದೆ ಜಾಗ ಬಿದ್ದಿರುತ್ತದೆ. ಆ ಕ್ಷಣಕ್ಕಾಗಿ ಕಾದು ಹೊಡೆಯುವುದು, ಅದೇ ಕ್ಷಣದಲ್ಲಿ ನಾವು ಹೊಡೆಸಿಕೊಳ್ಳದಿರುವುದು, ಅವನ ತಂಡಗಳ ಅರ್ಧ ಶಕ್ತಿ ಇಷ್ಟೇ. ಇದನ್ನು ಸುಮ್ನೆ ಹೇಳಿದರೆ ಆಗುವುದಿಲ್ಲ, ಪ್ರತಿಯೊಬ್ಬನ ಕಾಲಿಗೂ ಅಭ್ಯಾಸ ಆಗಬೇಕು. ಪೋರ್ಟೊದ ವಿತೋರ್ ಫ್ರಾಡ್ ಎಂಬ ಮೇಷ್ಟ್ರು ರೂಪಿಸಿದ ಒಂದು ಪದ್ಧತಿ ಇದೆ. ಓಟ ಬೇರೆ, ಕಸರತ್ತು ಬೇರೆ, ಆಟ ಬೇರೆ ಅಂತ ಮಾಡದೆ, ತಂಡ ಆಡಬೇಕಾದ ರೀತಿಯನ್ನೇ ಚೆಂಡಿಟ್ಟುಕೊಂಡು ವಾರವಿಡೀ ತಿದ್ದುವುದು. ಮೌರಿನ್ಯೋ ನಂಬಿದ್ದು ಅದನ್ನೇ.

"ಬಸ್ ನಿಲ್ಲಿಸುವುದು" ಅನ್ನುವ ಮಾತಿನ ಕಥೆಯೂ ಇಲ್ಲೇ ಬರುತ್ತದೆ. ಗೋಲಿನ ಮುಂದೆ ಹನ್ನೊಂದು ಜನರನ್ನೂ ನಿಲ್ಲಿಸಿ ಆಡುವ ತಂಡಕ್ಕೆ ಈಗ ಎಲ್ಲರೂ ಹೀಗೆ ಹೇಳುತ್ತಾರೆ, ಮೌರಿನ್ಯೋನ ಹೆಸರಿನ ಜೊತೆಗೇ ಹೇಳುತ್ತಾರೆ. ಆದರೆ 2004ರಲ್ಲಿ ಟಾಟನಮ್ ಚೆಲ್ಸಿ ಮೈದಾನಕ್ಕೆ ಬಂದು 0-0 ಡ್ರಾ ಮಾಡಿಕೊಂಡು ಹೋದಾಗ, ಅವರು ಬಸ್ ತಂದು ಗೋಲಿನ ಮುಂದೆ ಬಿಟ್ಟುಹೋದರು ಅಂತ ಬೇಸರದಿಂದ ಬೈದವನೇ ಅವನು. ಬೈದ ಮಾತು ತಿರುಗಿ ಬಂದು ಅವನ ಮೈಗೇ ಅಂಟಿಕೊಂಡಿತು.

ಇನ್ನು ಬಾಯಿಯ ವಿಷಯ.

2005ರ ಅಕ್ಟೋಬರ್‌ನಲ್ಲಿ ವೆಂಗರ್ ಚೆಲ್ಸಿ ಬಗ್ಗೆ ಏನೋ ಅಂದಿದ್ದರು. ಅದಕ್ಕೆ ಅವನು, ವೆಂಗರ್ ಇನ್ನೊಬ್ಬರ ಮನೆಯೊಳಗೆ ಕದ್ದು ನೋಡುವ ಚಟದವರು, ಮನೆಯಲ್ಲಿ ದೊಡ್ಡ ದುರ್ಬೀನು ಇಟ್ಟುಕೊಂಡು ಬೇರೆಯವರ ಸಂಸಾರ ನೋಡುವ ಜಾತಿಯವರು ಅಂದ. 2014ರ ಫೆಬ್ರವರಿಯಲ್ಲಿ, ಬೇರೆ ಕ್ಲಬ್‌ಗಳಿಗೆ ಹೋಗಿ ಮತ್ತೆ ಚೆಲ್ಸಿಗೆ ಬಂದಿದ್ದಾಗ, ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಸೋಲಿನ ಹೆದರಿಕೆಯಿಂದ ಕೆಲವು ಕೋಚ್‌ಗಳು ತಾವು ರೇಸ್‌ನಲ್ಲೇ ಇಲ್ಲ ಅನ್ನುತ್ತಿದ್ದಾರೆ ಅಂತ ವೆಂಗರ್ ಹೇಳಿದ್ದಕ್ಕೆ, "ಸೋಲಿನಲ್ಲಿ ಪರಿಣತರು ಅವರು, ನಾನಲ್ಲ" ಅಂದ. ಎಂಟು ವರ್ಷ ಒಂದೂ ಕಪ್ ಇಲ್ಲದಿದ್ದರೆ ನಾನಾಗಿದ್ದರೆ ಲಂಡನ್ ಬಿಟ್ಟು ಹೋಗುತ್ತಿದ್ದೆ, ವಾಪಸ್ ಬರುತ್ತಿರಲಿಲ್ಲ ಅಂದ. ನಮಗೆ ಗಾಯ ಇದ್ದ ಜಾಗವೇ ಅದು. 2005ರಿಂದ ನಮಗೆ ಕಪ್ ಇರಲಿಲ್ಲ, ಹೊಸ ಸ್ಟೇಡಿಯಂ ಸಾಲ ತೀರಿಸಲು ಒಳ್ಳೊಳ್ಳೆ ಆಟಗಾರರನ್ನು ಮಾರಿಕೊಂಡು ವೆಂಗರ್ ಹೇಗೋ ತಂಡವನ್ನು ಮೇಲಿನ ನಾಲ್ಕರಲ್ಲಿ ಹಿಡಿದಿಟ್ಟಿದ್ದರು. ಆ ಕಷ್ಟ ಗೊತ್ತಿದ್ದೂ ಅಲ್ಲಿಗೇ ಉಪ್ಪು ಹಾಕಿದ.

ಒಂದು ತಿಂಗಳ ನಂತರ, 2014ರ ಮಾರ್ಚ್ 22. ಆರ್ಸೆನಲ್‌ನಲ್ಲಿ ವೆಂಗರ್ ಅವರ 1000ನೇ ಮ್ಯಾಚ್, ಅದೂ ಚೆಲ್ಸಿ ಮೈದಾನದಲ್ಲಿ. ನಮಗೆ ಶನಿವಾರ ಸಂಜೆ ಆರೂಕಾಲು. ಚಿಕ್ಕಮ್ಮ ಕಾಫಿ ತಂದಿಡುವ ಹೊತ್ತಿಗೆ 2-0 ಆಗಿತ್ತು, ಎಟೋ ಐದನೇ ನಿಮಿಷ, ಶುರ್ಲೆ ಏಳನೇ ನಿಮಿಷ. ಹದಿನೈದನೇ ನಿಮಿಷದ ಹತ್ತಿರ ನಮ್ಮ ಚೇಂಬರ್ಲೇನ್ ಗೋಲಿನ ಬಾಯಲ್ಲಿ ಚೆಂಡನ್ನು ಕೈಯಿಂದ ತಡೆದ, ರೆಫರಿ ಆಂಡ್ರೆ ಮ್ಯಾರಿನರ್ ಗುರುತು ತಪ್ಪಿ ಕೀರನ್ ಗಿಬ್ಸ್‌ಗೆ ರೆಡ್ ಕಾರ್ಡ್ ತೋರಿಸಿದರು. ನಾನಲ್ಲ ಅವನು ಅಂತ ಗಿಬ್ಸ್ ಕೈ ಅಗಲಿಸಿ ನಿಂತಿದ್ದು ಈಗಲೂ ಕಣ್ಣ ಮುಂದಿದೆ. ಕೊನೆಗೆ 6-0. ಆರನೆಯದು ಹೊಡೆದವನು ಮೊಹಮ್ಮದ್ ಸಲಾ. ತಮ್ಮ ಮೂರನೇ ಗೋಲಿನ ತನಕ ಕುಣಿದ. ಆಮೇಲೆ ಅವನೇ ಸುಮ್ಮನಾಗಿ, ನನ್ನ ಕಾಫಿ ಆರಿಹೋಗಿದೆ ಅಂತ ಬಿಸಿ ಮಾಡಿಸಿಕೊಂಡು ಬಂದ.

ಆ ಸೋಲಿಗೆ ಆ ಮಾತೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಮಾತು ಏನು ಕೆಲಸ ಮಾಡುತ್ತದೆ ಅಂತ ನೋಡಿ. ಆ ಇಡೀ ತಿಂಗಳು ಇಂಗ್ಲೆಂಡ್ ಮಾತಾಡಿದ್ದು ವೆಂಗರ್ ಸೋತರಾ, ಮೌರಿನ್ಯೋ ಮಿತಿ ಮೀರಿದನಾ ಅಂತ.  ಬೈಗುಳ, ಪ್ರಶ್ನೆ, ಹಗೆ ಎಲ್ಲವನ್ನೂ ಅವನು ತನ್ನ ಮೈಮೇಲೆ ಎಳೆದುಕೊಳ್ಳುತ್ತಿದ್ದ. ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಕೆಟ್ಟದಾಗಿ ಆಡಿದ ಮಾರನೇ ದಿನ ಪತ್ರಿಕೆಯಲ್ಲಿ ಆ ಹುಡುಗನ ಹೆಸರು ಇರುತ್ತಿರಲಿಲ್ಲ, ಕೋಚ್‌ನ ಮುಖ ಇರುತ್ತಿತ್ತು. ಜೊತೆಗೆ ಇನ್ನೊಂದು. ಜಗತ್ತೆಲ್ಲ ನಮ್ಮ ವಿರುದ್ಧ ಇದೆ, ರೆಫರಿ, ಪತ್ರಿಕೆ, ಲೀಗ್ ಎಲ್ಲ ಸೇರಿ ನಮ್ಮನ್ನು ಮುಗಿಸಲು ನೋಡುತ್ತಿದ್ದಾರೆ ಅಂತ ತಂಡಕ್ಕೆ ನಂಬಿಸಿದರೆ, ಒಳಗಿರುವವರು ಒಬ್ಬರಿಗೊಬ್ಬರು ಅಂಟಿಕೊಳ್ಳುತ್ತಾರೆ. ಕೋಟೆಗೆ ಮುತ್ತಿಗೆ ಬಿದ್ದಾಗ ಒಳಗಿನವರ ಸಣ್ಣಪುಟ್ಟ ಜಗಳ ನಿಲ್ಲುವ ಹಾಗೆ. ಮುತ್ತಿಗೆ ಹಾಕುವವರು ಸಿಗದಿದ್ದರೆ ಅವನೇ ಹೊರಗೆ ಹೋಗಿ ಕರೆದು ತರುತ್ತಿದ್ದ.

ಹೊರಗೆ ಇಷ್ಟು ಒರಟಾದ ಅದೇ ಬಾಯಿ ಒಳಗೆ ಹೇಗಿರುತ್ತಿತ್ತು ಅಂತ ಆಟಗಾರರೇ ಹೇಳಿದ್ದಾರೆ. ಲ್ಯಾಂಪಾರ್ಡ್ ಸ್ನಾನ ಮುಗಿಸಿ ನಿಂತಿದ್ದಾಗ ಎದುರು ಬಂದು, ಕಣ್ಣಲ್ಲಿ ಕಣ್ಣಿಟ್ಟು, ನೀನು ಜಗತ್ತಿನ ಅತ್ಯುತ್ತಮ ಆಟಗಾರ, ಕಪ್ ಗೆದ್ದು ಅದನ್ನು ತೋರಿಸಬೇಕು ಅಷ್ಟೇ ಅಂದನಂತೆ. ಆಗ ಲ್ಯಾಂಪಾರ್ಡ್‌ನನ್ನು ಯಾರೂ ಹಾಗೆ ಅಂದುಕೊಂಡಿರಲಿಲ್ಲ. ಚೆಲ್ಸಿಯ ಎರಡು ಅವಧಿಗಳ ನಡುವೆ ಕೋಚ್ ಆಗಿದ್ದ ಇಟಲಿಯ ಇಂಟರ್ ಮಿಲಾನ್‌ನಲ್ಲಿ ವೆಸ್ಲಿ ಸ್ನೈಡರ್ ದಣಿದಿದ್ದನ್ನು ನೋಡಿ, ಹೆಂಡತಿ ಮಗಳ ಜೊತೆ ಬಿಸಿಲಿರುವ ಕಡೆ ಹೋಗಿ ಬಾ ಅಂತ ಕಳಿಸಿದ. ಸ್ನೈಡರ್ ಮೂರು ದಿನ ಸಮುದ್ರತೀರದಲ್ಲಿದ್ದು ಬಂದ. ವಾಪಸ್ ಬಂದಾಗ ಆ ಮನುಷ್ಯನಿಗಾಗಿ ಕೊಲ್ಲಲೂ ಸಾಯಲೂ ತಯಾರಿದ್ದೆ ಅಂತ ಆಮೇಲೆ ಹೇಳಿದ್ದಾನೆ.

ಆ ತಯಾರಿ ಏನು ಅಂತ ನೋಡಲು 2010ರ ಏಪ್ರಿಲ್ 28ರ ರಾತ್ರಿ ಸಾಕು. ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡನೇ ಮ್ಯಾಚ್, ಬಾರ್ಸಿಲೋನಾದ ಕಾಂಪ್ ನೌ. ಮೊದಲನೆಯದನ್ನು ಇಂಟರ್ 3-1ರಲ್ಲಿ ಗೆದ್ದಿತ್ತು. ಒಟ್ಟು ಗೋಲು ಸಮನಾದರೆ ಎದುರಾಳಿ ಮೈದಾನದಲ್ಲಿ ಹೊಡೆದ ಗೋಲಿಗೆ ಆಗ ಹೆಚ್ಚು ಬೆಲೆ ಇತ್ತು, ಹಾಗಾಗಿ ಪೆಪ್ ಗಾರ್ಡಿಯೋಲಾನ ಬಾರ್ಸಾಕ್ಕೆ 2-0 ಸಾಕಿತ್ತು. ನಮ್ಮಲ್ಲಿ ಆಗ ರಾತ್ರಿ ಹನ್ನೆರಡೂಕಾಲು, ಮನೆಯವರೆಲ್ಲ ಮಲಗಿದ್ದರು, ಟಿವಿ ಧ್ವನಿ ಪೂರ್ತಿ ಇಳಿಸಿಕೊಂಡು ನೋಡಿದೆವು. 28ನೇ ನಿಮಿಷಕ್ಕೆ ಇಂಟರ್‌ನ ಥಿಯಾಗೊ ಮೊಟ್ಟಾನ ಕೈ ಬಾರ್ಸಾದ ಸರ್ಜಿಯೊ ಬುಸ್ಕೆಟ್ಸ್‌ಗೆ ತಾಗಿತು, ಬುಸ್ಕೆಟ್ಸ್ ಮುಖ ಮುಚ್ಚಿಕೊಂಡು ಬಿದ್ದು ಬೆರಳ ಸಂದಿಯಿಂದ ರೆಫರಿ ಕಡೆ ಇಣುಕಿದ್ದು ಕ್ಯಾಮೆರಾಕ್ಕೆ ಸಿಕ್ಕಿತು. ಮೊಟ್ಟಾಗೆ ರೆಡ್ ಕಾರ್ಡ್. ಇನ್ನು ಒಂದು ಗಂಟೆಗೂ ಜಾಸ್ತಿ ಹೊತ್ತು ಹತ್ತೇ ಜನ.

ಆಮೇಲೆ ಇಂಟರ್ ಮಾಡಿದ್ದನ್ನು ಚೆಂಡು ಬಿಟ್ಟು ಆಟಗಾರರ ಕಾಲನ್ನೇ ನೋಡಿದರೆ ಅರ್ಥವಾಗುತ್ತದೆ. ಪೆನಾಲ್ಟಿ ಬಾಕ್ಸ್ ಮುಂದೆ ಎರಡು ಸಾಲು, ಸಾಲಿಗೂ ಸಾಲಿಗೂ ಕೆಲವೇ ಹೆಜ್ಜೆ ಅಂತರ. ಬಾರ್ಸಾ ಚೆಂಡನ್ನು ಎಡಕ್ಕೆ ಹಾಕಿದರೆ ಎರಡೂ ಸಾಲು ಒಟ್ಟಿಗೆ ಎಡಕ್ಕೆ, ಬಲಕ್ಕೆ ಹಾಕಿದರೆ ಬಲಕ್ಕೆ. ಅಂಚಿನಲ್ಲಿ ಎಷ್ಟು ಬೇಕಾದರೂ ಆಡಿಕೊಳ್ಳಿ, ನಡುವೆ ಮಾತ್ರ ಬಿಡುವುದಿಲ್ಲ ಅಂತ. ಸಾಲುಗಳ ನಡುವೆ ನಿಂತು ಚೆಂಡು ತೆಗೆದುಕೊಂಡು ತಿರುಗುವುದು ಮೆಸ್ಸಿಯ ಜೀವಾಳ, ಆ ಜಾಗವನ್ನೇ ಇಲ್ಲವಾಗಿಸಿದರು. ಚೆಂಡು ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಹೊತ್ತು ಬಾರ್ಸಾ ಬಳಿಯೇ ಇತ್ತು. ನಮಗೆ ಚೆಂಡು ಬೇಡವಾಗಿತ್ತು, ಅದು ನಮ್ಮ ಬಳಿ ಬಂದು ಮತ್ತೆ ಕಳೆದುಕೊಂಡರೆ ನಾವು ನಿಂತ ಜಾಗ ತಪ್ಪುತ್ತದೆ, ಅದಕ್ಕೇ ಬಿಟ್ಟುಕೊಟ್ಟೆವು ಅಂತ ಮೌರಿನ್ಯೋ ಆಮೇಲೆ ಹೇಳಿದ. ಸಾಮ್ಯುಯೆಲ್ ಎಟೋ ಇದ್ದ. ಹಿಂದಿನ ವರ್ಷ ಇದೇ ಬಾರ್ಸಿಲೋನಾಕ್ಕೆ ಮೂರು ಕಪ್ ಗೆಲ್ಲಿಸಿಕೊಟ್ಟ ಸ್ಟ್ರೈಕರ್, ಅವನನ್ನು ಕೊಟ್ಟು, ಮೇಲೆ ದುಡ್ಡೂ ಕೊಟ್ಟು ಅವರು ಇಬ್ರಾಹಿಮೊವಿಚ್‌ನನ್ನು ತಂದಿದ್ದರು. ಆ ಎಟೋ ತನ್ನ ಹಳೆಯ ಮೈದಾನದಲ್ಲಿ, ತನ್ನ ಹಳೆಯ ಜನರ ಎದುರು, ಗೋಲು ಹೊಡೆಯುವ ಆಸೆಯನ್ನೇ ಬದಿಗಿಟ್ಟು ಫುಲ್‌ಬ್ಯಾಕ್ (ಅಂಚಿನ ಡಿಫೆಂಡರ್) ಥರ ಅಂಚು ಕಾಯುತ್ತಾ ಓಡಾಡಿದ. ಜಗತ್ತಿನ ದೊಡ್ಡ ಸ್ಟ್ರೈಕರ್‌ಗೆ ಈ ಕೆಲಸ ಮಾಡು ಅಂತ ಹೇಳಿ, ಅವನು ಅದನ್ನು ಮನಸ್ಸಿಟ್ಟು ಮಾಡುವ ಹಾಗೆ ಮಾಡುವುದು ಹುಡುಗಾಟವಲ್ಲ.

84ನೇ ನಿಮಿಷದಲ್ಲಿ ಬಾರ್ಸಾದ ಪಿಕೆ ಒಂದು ಗೋಲು ಹೊಡೆದ. ಅಷ್ಟೇ. 1-0ರಲ್ಲಿ ಸೋತ ಇಂಟರ್ ಒಟ್ಟು ಲೆಕ್ಕದಲ್ಲಿ ಗೆದ್ದಿತು. ಮೌರಿನ್ಯೋ ಬೆರಳೆತ್ತಿ ಮೈದಾನದ ನಡುವೆ ಓಡಿದ, ಬಾರ್ಸಾ ಗೋಲ್‌ಕೀಪರ್ ವಾಲ್ಡೆಸ್ ತಡೆಯಲು ಬಂದ, ಕಾಂಪ್ ನೌನವರು ಹುಲ್ಲಿಗೆ ನೀರು ಚಿಮ್ಮಿಸುವ ಕಾರಂಜಿ ಬಿಟ್ಟರು. ಮುಂದಿನ ತಿಂಗಳು ಮ್ಯಾಡ್ರಿಡ್‌ನಲ್ಲಿ ಬಯರ್ನ್ ಮ್ಯೂನಿಕ್‌ನನ್ನು 2-0ರಲ್ಲಿ ಸೋಲಿಸಿ ಇಂಟರ್ ಕಪ್ ಎತ್ತಿತು, ಇಟಲಿಯ ಲೀಗ್, ಕಪ್ ಸೇರಿ ಒಂದೇ ವರ್ಷ ಮೂರು. ಆ ರಾತ್ರಿ ಸ್ಟೇಡಿಯಂ ಹೊರಗೆ ಮೌರಿನ್ಯೋ ಕಾರಿನಿಂದ ಇಳಿದು ಬಂದು ತನ್ನ ಡಿಫೆಂಡರ್ ಮಾರ್ಕೊ ಮಾಟರಾಟ್ಸಿಯನ್ನು ತಬ್ಬಿಕೊಂಡ, ಇಬ್ಬರೂ ಅತ್ತರು. ಆ ದೃಶ್ಯ ನೋಡಿದ ಮೇಲೆ ಇವನದು ಬರೀ ನಾಟಕ ಅನ್ನಲು ನನಗೆ ಬಾಯಿ ಬರುವುದಿಲ್ಲ.

"ಆದರೆ ಅದು ಫುಟ್‌ಬಾಲಾ?" ಅಂತ ಕೇಳುವವರು ಇದ್ದಾರೆ. ಚೆಂದದ ಆಟ ನೋಡಿ ಬೆಳೆದವಳು ನಾನು, ಆ ನೋವು ಅರ್ಥವಾಗುತ್ತದೆ. ಆದರೂ ಹೌದು ಅಂತಲೇ ನನ್ನ ಉತ್ತರ. ಕಡಿಮೆ ಶಕ್ತಿಯವರು ಜಾಸ್ತಿ ಶಕ್ತಿಯವರ ಎದುರು ನಿಲ್ಲುವುದು ಹೇಗೆ ಅನ್ನುವುದೂ ಈ ಆಟದ ಒಂದು ದೊಡ್ಡ ವಿದ್ಯೆ. ಜೊತೆಗೆ, ಅವನಿಗೆ ಅದೊಂದೇ ಬರುತ್ತದೆ ಅನ್ನುವುದೂ ಸುಳ್ಳು. 2011-12ರಲ್ಲಿ ರಿಯಲ್ ಮ್ಯಾಡ್ರಿಡ್‌ನಲ್ಲಿ 100 ಪಾಯಿಂಟ್, 121 ಗೋಲು. ಗಾರ್ಡಿಯೋಲಾನ ಬಾರ್ಸಾ ಇದ್ದ ಲೀಗ್‌ನಲ್ಲೇ ಇದು. ಕೆಲಸ ಯಾವುದು ಬೇಡುತ್ತದೋ ಅದನ್ನು ಆಡಿಸಿದ.

ಈಗ ನಾನು ಒಪ್ಪದ ಭಾಗಕ್ಕೆ ಬರುತ್ತೇನೆ. ಇಲ್ಲಿ ಚೆಲ್ಸಿ ಫ್ಯಾನ್‌ಗಳು ಸಾಮಾನ್ಯವಾಗಿ ಮಾತು ಬದಲಿಸುತ್ತಾರೆ.

2005ರ ಫೆಬ್ರವರಿಯಲ್ಲಿ ಚೆಲ್ಸಿ ಬಾರ್ಸಿಲೋನಾದಲ್ಲಿ 2-1ರಲ್ಲಿ ಸೋತಾಗ, ಅರ್ಧವಿರಾಮದಲ್ಲಿ ಬಾರ್ಸಾ ಕೋಚ್ ರೈಕಾರ್ಡ್ ರೆಫರಿ ಆಂಡರ್ಸ್ ಫ್ರಿಸ್ಕ್ ಕೋಣೆಗೆ ಹೋಗಿದ್ದರು ಅಂತ ಮೌರಿನ್ಯೋ ಕಡೆಯಿಂದ ಆರೋಪ ಬಂತು. ಫ್ರಿಸ್ಕ್‌ಗೆ ಕೊಲೆ ಬೆದರಿಕೆಗಳು ಬಂದವು. ಮಾರ್ಚ್‌ನಲ್ಲಿ ಅವರು ರೆಫರಿ ಕೆಲಸವನ್ನೇ ಬಿಟ್ಟರು. ಯುರೋಪಿನ ಫುಟ್‌ಬಾಲ್ ಮಂಡಳಿ ಯುಇಎಫ್‌ಎ ಮೌರಿನ್ಯೋಗೆ ಎರಡು ಮ್ಯಾಚ್ ನಿಷೇಧ ಹಾಕಿತು. ಎರಡು ಮ್ಯಾಚ್ ಎಲ್ಲಿ, ಒಬ್ಬ ಮನುಷ್ಯನ ವೃತ್ತಿ ಎಲ್ಲಿ. ವೆಂಗರ್ ಥರದ ಇನ್ನೊಬ್ಬ ದೊಡ್ಡ ಕೋಚನ್ನು ಬೈದರೆ ಅವರೂ ಮೈಕ್ ಹಿಡಿದು ಉತ್ತರ ಕೊಡಬಲ್ಲರು. ರೆಫರಿಗೆ ಮೈಕ್ ಇಲ್ಲ. ಆ ವ್ಯತ್ಯಾಸ ಅವನಿಗೆ ಗೊತ್ತಿರಬೇಕಿತ್ತು.

2011ರ ಆಗಸ್ಟ್‌ನಲ್ಲಿ ಮೌರಿನ್ಯೋ ಹಿಂದಿನಿಂದ ಹೋಗಿ ಬಾರ್ಸಾದ ಸಹಾಯಕ ಕೋಚ್ ಟಿಟೊ ವಿಲನೋವಾ ಅವರ ಕಣ್ಣಿಗೆ ಬೆರಳು ಚುಚ್ಚಿದ. ಹಾಗೆ ಮಾಡಬಾರದಿತ್ತು ಅಂತ ಆಮೇಲೆ ಅವನೇ ಒಪ್ಪಿಕೊಂಡ. 2015ರ ಆಗಸ್ಟ್‌ನಲ್ಲಿ ಚೆಲ್ಸಿಯ ಡಾಕ್ಟರ್ ಇವಾ ಕಾರ್ನೇರೊ ವಿಷಯ ಇನ್ನೂ ಕೆಟ್ಟದ್ದು. ಸ್ವಾನ್ಸಿ ವಿರುದ್ಧ 2-2 ಇದ್ದಾಗ ಕೊನೆಯ ನಿಮಿಷಗಳಲ್ಲಿ ಎಡನ್ ಹಜಾರ್ಡ್ ನೆಲಕ್ಕೆ ಬಿದ್ದಿದ್ದ, ರೆಫರಿ ಕರೆದರು, ಡಾಕ್ಟರ್ ಓಡಿ ಹೋದರು. ಚಿಕಿತ್ಸೆ ಪಡೆದವನು ನಿಯಮದ ಪ್ರಕಾರ ಹೊರಗೆ ಹೋಗಬೇಕು. ಆಗಲೇ ಒಬ್ಬನಿಗೆ ರೆಡ್ ಕಾರ್ಡ್ ಆಗಿದ್ದರಿಂದ ಸ್ವಲ್ಪ ಹೊತ್ತು ಚೆಲ್ಸಿಗೆ ಒಂಬತ್ತೇ ಜನ ಉಳಿದರು. ಅದಕ್ಕೆ ಎಲ್ಲರ ಎದುರು ಆಕೆಗೆ ಆಟ ಅರ್ಥವಾಗುವುದಿಲ್ಲ ಅನ್ನುವ ಹಾಗೆ ಮಾತಾಡಿದ. ಅವರನ್ನು ಮುಖ್ಯ ತಂಡದ ಕೆಲಸದಿಂದ ದೂರ ಇಟ್ಟರು, ಅವರು ಕ್ಲಬ್ ಬಿಟ್ಟರು, ಮುಂದಿನ ವರ್ಷ ಕ್ಲಬ್ ಅವರ ಕ್ಷಮೆ ಕೇಳಿತು. ಬಿದ್ದವನನ್ನು ನೋಡಲು ಓಡುವುದು ಡಾಕ್ಟರ ಕರ್ತವ್ಯ. ಇದರಲ್ಲಿ ತಂತ್ರ ಗಿಂತ್ರ ಏನೂ ಇಲ್ಲ, ಬರೀ ಅನ್ಯಾಯ.

ಇಲ್ಲಿಯೇ ನನಗೆ ಅವನ 'ಮೂರನೇ ವರ್ಷ'ದ ಗುಟ್ಟು ಸಿಗುವುದು. ಅವನು ಎಲ್ಲೇ ಹೋದರೂ ಮೊದಲ ಎರಡು ವರ್ಷ ಬೆಳಕು, ಮೂರನೇ ವರ್ಷ ಬಿರುಕು ಅನ್ನುವುದು ಫ್ಯಾನ್‌ಗಳ ಹಳೆಯ ಮಾತು. ಕಾರಣ ಏನು? ಮುತ್ತಿಗೆಯ ಭಯ ಎಷ್ಟು ದಿನ ಇರುತ್ತದೆ ಹೇಳಿ. ಎರಡು ವರ್ಷ ಎಲ್ಲರೂ ಶತ್ರುಗಳು ಅಂತ ಹಲ್ಲು ಕಚ್ಚಿಕೊಂಡು ಬದುಕಿದ ಆಟಗಾರರು ದಣಿಯುತ್ತಾರೆ, ಕಪ್ ಗೆದ್ದಾಗಿರುತ್ತದೆ, ಹಸಿವು ಇಳಿದಿರುತ್ತದೆ. ಆಗ ಹೊರಗೆ ಶತ್ರುಗಳು ಸಾಲುವುದಿಲ್ಲ, ಬಾಯಿ ಮನೆಯೊಳಗೆ ತಿರುಗುತ್ತದೆ. ಮ್ಯಾಡ್ರಿಡ್‌ನಲ್ಲಿ ಮೂರನೇ ವರ್ಷ ಇಕರ್ ಕಸಿಯಾಸ್‌ನಂಥ ನಾಯಕನನ್ನು ಬೆಂಚಿನಲ್ಲಿ ಕೂರಿಸಿದ. ಚೆಲ್ಸಿಗೆ ಎರಡನೇ ಸಲ ಬಂದು 2015ರಲ್ಲಿ ಲೀಗ್ ಗೆದ್ದ, ಅದೇ ಡಿಸೆಂಬರ್‌ನಲ್ಲಿ 16 ಮ್ಯಾಚ್‌ನಲ್ಲಿ 9 ಸೋತು ತಂಡ 16ನೇ ಸ್ಥಾನದಲ್ಲಿತ್ತು. ಲೆಸ್ಟರ್ ವಿರುದ್ಧ ಸೋತ ರಾತ್ರಿ ನನ್ನ ಕೆಲಸಕ್ಕೆ ದ್ರೋಹವಾಗಿದೆ ಅಂದ. ಮೂರು ದಿನದಲ್ಲಿ ಕೆಲಸ ಹೋಯಿತು. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಇನ್ನೂ ಬೇಗ. ಲ್ಯೂಕ್ ಶಾ ಎಂಬ ಹುಡುಗ ಚೆನ್ನಾಗಿ ಆಡಿದ ದಿನ, ಮೈ ಅವನದು, ತಲೆ ನನ್ನದು ಅಂತ ಪತ್ರಕರ್ತರ ಮುಂದೆ ಹೇಳಿದ. ಲ್ಯಾಂಪಾರ್ಡ್‌ಗೆ ನೀನೇ ಜಗತ್ತಿನ ಅತ್ಯುತ್ತಮ ಅಂದ ಅದೇ ಬಾಯಿ. ತಮ್ಮನಿಗೆ ನಾನು ಕೇಳುವುದು ಇಷ್ಟೇ: ಮೊದಲಿನದನ್ನು ಪ್ರತಿಭೆ ಅಂತ ಲೆಕ್ಕ ಹಿಡಿದರೆ ಎರಡನೆಯದನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು, ಅಲ್ವಾ? ಅವನು ನನ್ನನ್ನು ಕೇಳುವುದೂ ಅದೇ, ತಲೆಕೆಳಗಾಗಿ: ಫ್ರಿಸ್ಕ್ ವಿಷಯ ಬರೆದುಕೊಳ್ಳುವವಳು ಪೋರ್ಟೊವನ್ನೂ ಬರೆದುಕೋ.

ಬರೆದುಕೊಂಡಿದ್ದೇನೆ. ಪೋರ್ಟೊ, ಆ 15 ಗೋಲು, ಕಾಂಪ್ ನೌ ರಾತ್ರಿ, ಮೂರೂ ನನ್ನ ಲೆಕ್ಕದಲ್ಲಿ ಇವೆ. ವೆಂಗರ್ ಅವನೆದುರು ಮೊದಲ 13 ಮ್ಯಾಚ್‌ನಲ್ಲಿ ಒಂದನ್ನೂ ಗೆಲ್ಲಲಿಲ್ಲ ಅನ್ನುವುದನ್ನೂ ಬರೆದಿದ್ದೇನೆ, ಅದನ್ನು ಬರೆಯುವುದು ನನಗೆ ಸುಲಭವಾಗಿರಲಿಲ್ಲ. ಬರೀ ಬಾಯಿಂದ ಅಷ್ಟು ಆಗುವುದಿಲ್ಲ. 2015ರ ಆಗಸ್ಟ್‌ನಲ್ಲಿ ಕಮ್ಯುನಿಟಿ ಶೀಲ್ಡ್ ಅನ್ನುವ ಒಂದೇ ಮ್ಯಾಚಿನ ಕಪ್‌ನಲ್ಲಿ ನಾವು ಚೆಲ್ಸಿ ವಿರುದ್ಧ 1-0 ಗೆದ್ದೆವು. ಗೋಲು ಹೊಡೆದವನು ಚೇಂಬರ್ಲೇನ್, ಆ 6-0 ದಿನ ಚೆಂಡಿಗೆ ಕೈ ಕೊಟ್ಟವನೇ. ಲೀಗ್ ಮ್ಯಾಚ್‌ನಲ್ಲಿ ಅವನ ತಂಡವನ್ನು ಸೋಲಿಸಲು 2017ರ ಮೇವರೆಗೆ ಕಾಯಬೇಕಾಯಿತು.

2018ರ ಏಪ್ರಿಲ್ 29ರಂದು ವೆಂಗರ್ ಆರ್ಸೆನಲ್ ಕೋಚ್ ಆಗಿ ಕೊನೆಯ ಸಲ ಮ್ಯಾಂಚೆಸ್ಟರ್ ಯುನೈಟೆಡ್ ಮೈದಾನ ಓಲ್ಡ್ ಟ್ರಾಫರ್ಡ್‌ಗೆ ಬಂದರು. ಯುನೈಟೆಡ್ ಕೋಚ್ ಆಗ ಮೌರಿನ್ಯೋ. ಮ್ಯಾಚ್ ಶುರುವಾಗುವ ಮೊದಲು ಯುನೈಟೆಡ್‌ನ ಹಳೆಯ ಕೋಚ್ ಅಲೆಕ್ಸ್ ಫರ್ಗ್ಯುಸನ್ ವೆಂಗರ್ ಕೈಗೆ ಒಂದು ನೆನಪಿನ ಕಾಣಿಕೆ ಕೊಟ್ಟರು. ಮೌರಿನ್ಯೋ ಪಕ್ಕದಲ್ಲೇ ಇದ್ದ. ಒಂದು ಕಾಲದಲ್ಲಿ ವೆಂಗರ್ ಜೊತೆ ಆ ಇಬ್ಬರಿಗೂ ಜಗಳವಿತ್ತು, ಈಗ ಮೂವರೂ ನಗುತ್ತಿದ್ದರು. ತಮ್ಮ ಆಗ ಬೇರೆ ಊರಿನಲ್ಲಿದ್ದ, ಫೋನ್ ಮಾಡಿದ. "ನೋಡ್ದ್ಯಾ ಅಕ್ಕ?" ಅಂದ. ನೋಡಿದೆ ಅಂದೆ. "ಅವರು ಅಂತೀಯಾ ಈಗಲಾದ್ರೂ?" ಅಂದ. ಮ್ಯಾಚ್ ಮುಗಿಯಲಿ, ಆಮೇಲೆ ಹೇಳುತ್ತೇನೆ ಅಂದೆ. 1-1 ಇತ್ತು, ಡ್ರಾ ಆಗುತ್ತದೆ ಅಂದುಕೊಂಡಿದ್ದೆವು. ಇಂಜುರಿ ಟೈಮ್‌ನಲ್ಲಿ ಫೆಲೈನಿ ತಲೆ ಕೊಟ್ಟ, ಯುನೈಟೆಡ್ 2-1. ನಾನು ಫೋನ್ ವಾಪಸ್ ಮಾಡಿದ್ದು ಮೂರು ದಿನ ಬಿಟ್ಟು.